ಕೂಡಿಟ್ಟದ್ದು ಯಾರದು?

ಹಣವನ್ನು ಕೂಡಿಡುವವನನ್ನು ಜನ ಜಿಪುಣನೆಂದು ಕರೆಯುತ್ತಾರೆ. ಹಳೆಯ ವಸ್ತುಗಳನ್ನು ಕೂಡಿಡುವವನನ್ನು ರಸಿಕನೆಂದು ಕೊಂಡಾಡುತ್ತಾರೆ. ಆದರೆ ಇಬ್ಬರೂ ಕಣ್ಮುಚ್ಚಿದ ಮೇಲೆ ಜಿಪುಣನ ಹಣಕ್ಕೆ ಒಂದು ಅನುಕೂಲ ಉಂಟು. ಅದನ್ನು ಹಂಚಿದರೂ ಅದು ಹಣವಾಗಿಯೇ ಉಳಿಯುತ್ತದೆ. ನಾಲ್ವರು ಮಕ್ಕಳು ನಾಲ್ಕು ಪಾಲು ಮಾಡಿಕೊಂಡರೆ ರೂಪಾಯಿಯ ಬೆಲೆ ಕುಗ್ಗುವುದಿಲ್ಲ. ರಸಿಕನ ಸಂಗ್ರಹ ಹಾಗಲ್ಲ. ನಲವತ್ತು ವರ್ಷ ಹುಡುಕಿ ಜೋಡಿಸಿದ ಮೋಟಾರು, ದೀಪ, ಹಾರ್ನು, ಟಿಕೇಟುಗಳನ್ನು ಪಾಲು ಮಾಡಿದ ಕೂಡಲೆ ವಸ್ತುಗಳೇನೋ ಉಳಿಯುತ್ತವೆ, ಸಂಗ್ರಹ ಇಲ್ಲವಾಗುತ್ತದೆ. ಅದು ಕಳುವಾಗಿಲ್ಲ, ಸುಟ್ಟುಹೋಗಿಲ್ಲ, ಆದರೂ ಇಲ್ಲ.

ಹಾಗಾದರೆ ಅಂಥ ಸಂಗ್ರಹವನ್ನು ಏಲಂ ಹಾಕುವುದು ತಪ್ಪೆ? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಪುಸ್ತಕದಿಂದಲ್ಲ. ನಮ್ಮ ಪೊಳಲಿಯ ಆಚೀಚೆಯ ಒಂದು ಮನೆಯಲ್ಲಿ ಹಿರಿಯರೊಬ್ಬರಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ಬಸ್ಸು ಓಡಿಸಿದವರು. ಅವರ ಕೊಟ್ಟಿಗೆಯಲ್ಲಿ ೧೯೫೨ರ ಒಂದು ಮಾರಿಸ್ ಮೈನರ್ ಕಾರು ಇತ್ತು. ಡಾಕ್ಟರೊಬ್ಬರು ಬೇಡವೆಂದು ಬಿಟ್ಟದ್ದನ್ನು ಕೈಸಾಲ ಮಾಡಿ ಕೊಂಡದ್ದು. ಉಳಿದುದೆಲ್ಲ ಲೋಕ ಎಸೆದುಬಿಟ್ಟ ಸಾಮಾನು: ರಬ್ಬರ್ ಉಂಡೆಯ ಹಿತ್ತಾಳೆ ಹಾರ್ನುಗಳು, ಊರುಗಳ ಹೆಸರು ಬರೆದ ಬಸ್ಸಿನ ಹಲಗೆಗಳು, ಕಂಡಕ್ಟರರ ಚರ್ಮದ ಚೀಲ, ಟಿಕೇಟು ತೂತು ಮಾಡುವ ಪಂಚು, ಡ್ರೈವರುಗಳ ಹಿತ್ತಾಳೆ ಬಿಲ್ಲೆ, ನೂಲಿನಲ್ಲಿ ಕಟ್ಟಿಟ್ಟ ಟಿಕೇಟಿನ ಕಂತೆಗಳು, ಗೋಡೆಗೆ ಹಚ್ಚುವ ವೇಳಾಪಟ್ಟಿಗಳು. ಕಾರಿನ ಕಾಗದಪತ್ರಗಳನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಮದರಾಸು ರಾಜ್ಯದ ಕಾಲದಲ್ಲಿ ನೋಂದಣಿಯಾದ ಗಾಡಿ ಅದು. ೧೯೫೬ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೭೩ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. “ನನ್ನ ಕಾರು ಜಿಲ್ಲೆ ಬಿಟ್ಟು ಹೋಗದೆ ಮೂರು ರಾಜ್ಯ ನೋಡಿದೆ” ಎಂದು ಅವರು ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮುಂಬಯಿಯಲ್ಲಿರುವ ಮಗ ಊರಿಗೆ ಬಂದರು. ಮಗಳಿರುವುದು ಕೊಲ್ಲಿಯ ದೇಶದಲ್ಲಿ. ಮನೆಗೆ ಬೀಗ ಹಾಕಬೇಕು; ಮಳೆಗಾಲ ಹತ್ತಿರ; ನಮ್ಮೂರಿನ ಒಂದು ಮಳೆಗಾಲ ಸಾಕು, ಕಾಗದವೆಲ್ಲ ಗೆದ್ದಲಿಗೆ, ಕಬ್ಬಿಣವೆಲ್ಲ ತುಕ್ಕಿಗೆ. ಬೆಂಗಳೂರಿನ ಕಡೆಯಿಂದ ಒಬ್ಬರು ಬಂದು, ಎಲ್ಲವನ್ನೂ ಬಿಡಿಬಿಡಿಯಾಗಿ ಏಲಂ ಹಾಕಿಸಿದರೆ ಒಳ್ಳೆಯ ದುಡ್ಡು ಬಂದೀತೆಂದು ಹೇಳಿ ಹೋಗಿದ್ದರು. ಮಗ ತುಳುವಿನಲ್ಲಿಯೇ ಕೇಳಿದರು: “ಮಾಷ್ಟ್ರೇ, ಮಾರಿದರೆ ಪಾಪವಾ? ಅಪ್ಪ ಆಸ್ಪತ್ರೆಯಲ್ಲಿರುವಾಗ, ಎಲ್ಲ ಒಟ್ಟಿಗೇ ಇರಲಿ, ಚದರಿಸಬೇಡ ಅಂದಿದ್ದರು. ನಾನು ಆಯಿತು ಅಂದಿದ್ದೆ.”

ಮಾರುವುದು ಬಿಡುವುದು ನಿಮ್ಮ ಹಕ್ಕು ಎನ್ನುವುದು ಸುಲಭ. ಪರಂಪರೆಯ ಆಸ್ತಿ, ಮಾರಲೇಬಾರದು ಎನ್ನುವುದು ಇನ್ನೂ ಸುಲಭ; ಬಾಡಿಗೆ ಕೊಡುವವರು, ತುಕ್ಕು ಒರಸುವವರು ನಾವಲ್ಲವಲ್ಲ! ಮೊದಲನೆಯ ಉತ್ತರ ಸತ್ತವರ ಮಾತನ್ನು ಮರೆಯುತ್ತದೆ. ಎರಡನೆಯದು ಬದುಕಿರುವವರ ಭಾರವನ್ನು ಮರೆಯುತ್ತದೆ.

ಉತ್ತರಕ್ಕೆ ಮುಂಚೆ ಈ ಸಾಮಾನುಗಳು ಏನನ್ನು ಹೇಳುತ್ತವೆಂಬುದನ್ನು ನೋಡಬೇಕು. ನಮ್ಮ ಬಂಟ್ವಾಳ ಒಂದು ಕಾಲಕ್ಕೆ ನೇತ್ರಾವತಿಯ ದಂಡೆಯ ದೊಡ್ಡ ಪೇಟೆ. ಘಟ್ಟದ ಮೇಲಿನಿಂದ ಇಳಿದ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ೧೯೧೪ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್‌ವೇಯನ್ಸ್ ಕಂಪೆನಿ ಆರಂಭವಾಯಿತು, ಸಿ.ಪಿ.ಸಿ. ಎಂದರೆ ಹಳಬರಿಗೆ ಇಂದಿಗೂ ಬಸ್ಸಿನ ನೆನಪು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬೆನ್ನಿಗೆ ಒಲೆ ಕಟ್ಟಿಕೊಂಡ ಇದ್ದಲಿನ ಗ್ಯಾಸಿನ ಬಸ್ಸುಗಳು ಏರಿನಲ್ಲಿ ಏದುಸಿರು ಬಿಟ್ಟವು. ಹೊಳೆಯ ವ್ಯಾಪಾರ ಬರಬರುತ್ತ ರಸ್ತೆಯ ವ್ಯಾಪಾರವಾಯಿತು. ಬಂಟ್ವಾಳಕ್ಕೆ ತಿರುಗುವ ಕ್ರಾಸ್ ರೋಡೇ ‘ಬಿ.ಸಿ. ರೋಡ್’ ಎಂಬ ಪಟ್ಟಣವಾಗಿ ಬೆಳೆದು, ಹಳೆಯ ಪೇಟೆಯನ್ನು ಹಿಂದೆ ಹಾಕಿತು. ಬಸ್ಸು ನಿಲ್ಲುವ ಜಾಗ ಊರಾದ ಈ ಕತೆಯನ್ನು ಯಾವ ಶಾಸನದಲ್ಲಿ ಹುಡುಕೋಣ? ಅದು ಆ ಹಲಗೆಗಳಲ್ಲಿ, ಆ ವೇಳಾಪಟ್ಟಿಗಳಲ್ಲಿ ಉಂಟು. ಒಂದು ಟಿಕೇಟು ಬರಿಯ ಕಾಗದದ ಚೂರು. ಮೂವತ್ತು ವರ್ಷದ ಟಿಕೇಟುಗಳನ್ನು ಸಾಲಾಗಿ ಇಟ್ಟರೆ ಜನ ಎಲ್ಲಿಂದ ಎಲ್ಲಿಗೆ ಹೋದರು, ಎಷ್ಟು ಕೊಟ್ಟರು ಎಂಬ ಚರಿತ್ರೆ. ಬಿಡಿಬಿಡಿಯಾಗಿ ಮಾರಿದರೆ ಹೋಗುವುದು ಈ ಸಾಲು.

ಇನ್ನು ಒಡೆತನದ ಮಾತು. ಈ ವಿಷಯದಲ್ಲಿ ನಮ್ಮ ತುಳುನಾಡಿಗೆ ತನ್ನದೇ ಆದ ಒಂದು ವಿಚಾರ ಇತ್ತು. ಬಂಟರು, ಬಿಲ್ಲವರು, ಜೈನರು ಮೊದಲಾದ ಹಲವು ಸಮುದಾಯಗಳಲ್ಲಿ ನಡೆದು ಬಂದ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯದು. ಅದನ್ನು ನೋಡಿಕೊಳ್ಳುವವನು ಯಜಮಾನ. ಯಜಮಾನನ ಅಧಿಕಾರ ದೊಡ್ಡದು: ಗೇಣಿ ಎತ್ತುವವನು ಅವನು, ವ್ಯಾಜ್ಯ ನಡೆಸುವವನು ಅವನು. ಆದರೆ ಅವನು ಮಾಲಿಕನಲ್ಲ. ಕುಟುಂಬದ ಅಗತ್ಯವಿಲ್ಲದೆ ತನ್ನ ಇಷ್ಟಕ್ಕೆ ಒಂದು ಗದ್ದೆಯನ್ನು ಪರಭಾರೆ ಮಾಡುವ ಹಕ್ಕು ಅವನಿಗಿರಲಿಲ್ಲ. ಪಾಲು ಕೇಳುವ ಹಕ್ಕೂ ಒಬ್ಬೊಬ್ಬರಿಗೆ ಇರಲಿಲ್ಲ. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಕವರುಗಳಿಗೆ ಪಾಲಾಗುವ ಹಾದಿ ತೆರೆಯಿತು. ಆ ಪದ್ಧತಿಯಲ್ಲಿ ಜಗಳ ಬೇಕಾದಷ್ಟಿತ್ತು, ಅನ್ಯಾಯವೂ ಇತ್ತು. ಅದು ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಆದರೆ ‘ನನ್ನ ವಶದಲ್ಲಿ ಉಂಟು, ಆದರೆ ನನ್ನದಲ್ಲ’ ಎಂಬ ಒಂದು ಭಾವವನ್ನು ಅದು ತಲೆಮಾರುಗಳಿಗೆ ಕಲಿಸಿತು. ಸಂಗ್ರಹಕಾರನಿಗೆ ಬೇಕಾದ ಧರ್ಮ ಇದೇ ಎಂದು ನನಗೆ ತೋರುತ್ತದೆ. ಅವನು ತನ್ನ ವಸ್ತುಗಳಿಗೆ ಯಜಮಾನ, ಮಾಲಿಕನಲ್ಲ.

ಯಜಮಾನನೆಂದರೆ ಕುಟುಂಬ ಇರಬೇಕಲ್ಲ, ಹಳೆಯ ಮೋಟಾರುಗಳ ಕುಟುಂಬ ಯಾವುದು ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ಫ್ರಾನ್ಸ್ ದೇಶದ ಒಂದು ಸಂಗತಿಯಲ್ಲಿ ಸಿಗುತ್ತದೆ. ಮ್ಯೂಲೂಸ್ ನಗರದಲ್ಲಿ ಹಾನ್ಸ್ ಮತ್ತು ಫ್ರಿಟ್ಜ್ ಶ್ಲುಂಪ್ಫ್ ಎಂಬ ಇಬ್ಬರು ಸಹೋದರರು ಉಣ್ಣೆಯ ಗಿರಣಿಗಳ ಧಣಿಗಳಾಗಿದ್ದರು. ಫ್ರಿಟ್ಜನಿಗೆ ಕಾರಿನ ಹುಚ್ಚು, ಅದರಲ್ಲೂ ಬುಗಾಟ್ಟಿಯ ಹುಚ್ಚು. ಒಂದು ಹಳೆಯ ಗಿರಣಿಯೊಳಗೆ ಹೊರಗಿನವರಿಗೆ ತಿಳಿಯದಂತೆ ನಾನೂರಕ್ಕೂ ಮಿಕ್ಕಿ ಕಾರುಗಳನ್ನು ಕೂಡಿಟ್ಟು, ತಾಯಿಯ ನೆನಪಿಗೆ ಅರ್ಪಿಸಲು ಬಯಸಿದನು. ಅತ್ತ ಗಿರಣಿಗಳು ಮುಳುಗಿದವು. ಕೆಲಸಗಾರರು ಬೀದಿಗೆ ಬಿದ್ದರು. ೧೯೭೬ರಲ್ಲಿ ಸಹೋದರರು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರು. ೧೯೭೭ರ ಮಾರ್ಚಿಯಲ್ಲಿ ಕೆಲಸಗಾರರು ಒಳಗೆ ನುಗ್ಗಿದಾಗ, ತಮ್ಮ ಸಂಬಳ ಎಲ್ಲಿ ಕರಗಿತೆಂಬುದು ಸಾಲುಸಾಲಾಗಿ ಹೊಳೆಯುತ್ತ ನಿಂತಿತ್ತು.

ಆ ಕೆಲಸಗಾರರು ಕಾರುಗಳನ್ನು ಒಡೆದು ಹಾಕಬಹುದಾಗಿತ್ತು. ಅವರು ಹಾಗೆ ಮಾಡದೆ ಗಿರಣಿಯನ್ನೇ ವಶಪಡಿಸಿಕೊಂಡು, ಸುಮಾರು ಎರಡು ವರ್ಷ ಸಾರ್ವಜನಿಕರಿಗೆ ಪ್ರದರ್ಶನ ನಡೆಸಿದರು. ೧೯೭೮ರಲ್ಲಿ ಫ್ರೆಂಚ್ ಸರಕಾರ ಆ ಸಂಗ್ರಹವನ್ನು ಐತಿಹಾಸಿಕ ಸ್ಮಾರಕವೆಂದು ಸಾರಿತು. ಬಿಡಿಬಿಡಿಯಾಗಿ ಮಾರುವ ದಾರಿ ಮುಚ್ಚಿತು. ೧೯೮೨ರಲ್ಲಿ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಯಿತು. ಕೂಡಿಟ್ಟವನು ಫ್ರಿಟ್ಜ್, ದಿಟ. ಆದರೆ ನೂಲು ತೆಗೆದವರು? ಅವರೂ ಆ ಸಂಗ್ರಹದ ಕುಟುಂಬವೇ. ಕಾನೂನಿನ ಕಾಗದದಲ್ಲಿ ಅವರ ಹೆಸರು ಇರಲಿಲ್ಲ. ಆದರೆ ಪ್ರತಿಯೊಂದು ಕಾರಿನ ಬೆಲೆಯಲ್ಲಿಯೂ ಅವರ ದುಡಿಮೆ ಇತ್ತು.

ನಮ್ಮ ಬಸ್ಸಿನ ಹಿರಿಯರು ಯಾರ ಸಂಬಳವನ್ನೂ ನುಂಗಿದವರಲ್ಲ. ಆದರೂ ಅವರ ಕೊಟ್ಟಿಗೆಗೂ ಅಂಥ ಒಂದು ಕುಟುಂಬ ಉಂಟು. ಆ ಬಿಲ್ಲೆಗಳನ್ನು ಎದೆಗೆ ಸಿಕ್ಕಿಸಿಕೊಂಡವರು, ಮಳೆಯಲ್ಲಿ ಬಸ್ಸಿನ ತಲೆಯ ಮೇಲೆ ಹತ್ತಿ ಬಾಳೆಗೊನೆ ಇಳಿಸಿದ ಕ್ಲೀನರುಗಳು, ಹೆರಿಗೆಯ ನೋವಿನವಳನ್ನು ಮುಂದಿನ ಸೀಟಿನಲ್ಲಿ ಮಲಗಿಸಿ ಮಂಗಳೂರು ಮುಟ್ಟಿಸಿದವರು. ಇವರಲ್ಲಿ ಬಹಳ ಮಂದಿ ತಮ್ಮದೆಂದು ಒಂದು ಪಟವನ್ನೂ ಬಿಟ್ಟು ಹೋಗಿಲ್ಲ. ಅವರು ಬದುಕಿದ್ದರೆಂಬುದಕ್ಕೆ ಒಂದು ನಂಬರಿನ ಹಿತ್ತಾಳೆ ತುಂಡೇ ಸಾಕ್ಷಿ. ಅದನ್ನು ದೂರದ ಯಾರೋ ಚಂದಕ್ಕಾಗಿ ಕೊಂಡುಹೋದರೆ, ಬಿಲ್ಲೆ ಉಳಿಯುತ್ತದೆ, ಸಾಕ್ಷಿ ಸತ್ತುಹೋಗುತ್ತದೆ.

ಹಾಗಾದರೆ ಎಲ್ಲವನ್ನೂ ವಸ್ತುಸಂಗ್ರಹಾಲಯಕ್ಕೆ ಕೊಡಬೇಕೆ? ಕೊಡುವ ಭಾಗ್ಯವಿದ್ದರೆ ಅದು ಒಳ್ಳೆಯದೇ. ನಮ್ಮ ಪಕ್ಕದ ಬೆಳ್ತಂಗಡಿ ತಾಲೂಕಿನಲ್ಲಿಯೇ, ಧರ್ಮಸ್ಥಳದಲ್ಲಿ, ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಮಂಜೂಷಾ ವಸ್ತುಸಂಗ್ರಹಾಲಯ ಉಂಟು. ತಾಳೆಗರಿ, ವಿಗ್ರಹಗಳ ಜೊತೆಗೆ ಹಳೆಯ ಮೋಟಾರು ಗಾಡಿಗಳ ದೊಡ್ಡ ಸಾಲೇ ಅಲ್ಲಿ ಉಂಟು. ಶ್ರೀರಂಗಪಟ್ಟಣದ ಬಳಿ ಅವರದೇ ಮುತುವರ್ಜಿಯಿಂದ ‘ಪಯಣ’ ಎಂಬ ಕಾರುಗಳ ಸಂಗ್ರಹಾಲಯ ೨೦೨೩ರಲ್ಲಿ ತೆರೆಯಿತು. ಒಬ್ಬರ ಹವ್ಯಾಸ ಟಿಕೇಟು ಕೊಂಡ ಯಾರೂ ನೋಡಬಹುದಾದ ವಸ್ತುವಾದದ್ದು ಸಣ್ಣ ಮಾತಲ್ಲ. ಯಜಮಾನನೆಂಬ ಮಾತಿಗೆ ಅದು ಮೇಲಾದ ಅರ್ಥ.

ಆದರೆ ಒಟ್ಟಿಗೆ ಇಡುವುದರಲ್ಲಿಯೇ ಎಲ್ಲ ಪುಣ್ಯವೂ ಮುಗಿಯುವುದಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಇದ್ದವು. ಅಲ್ಲಿ ಒಟ್ಟಿಗೆ ಇಟ್ಟು ಕಾದುದರಿಂದ ಅವು ಉಳಿದವು. ಈ ಉಪಕಾರಕ್ಕೆ ಬೆಲೆ ಕಟ್ಟುವಂತಿಲ್ಲ. ಆದರೆ ಅವು ಬಹುಕಾಲ ದರ್ಶನಕ್ಕೆ ಮಾತ್ರ ಇದ್ದುವಲ್ಲದೆ ಓದಿಗೆ ಇರಲಿಲ್ಲ. ಪ್ರತಿಯಾಗಿ ಹೊರಬಂದು, ಹೀರಾಲಾಲ ಜೈನರ ಸಂಪಾದನೆಯಲ್ಲಿ ೧೯೩೯ರಿಂದ ಅಚ್ಚಾಗತೊಡಗಿದ ಮೇಲೆ ಅವು ಮತ್ತೆ ವಿದ್ಯೆಯಾದವು. ಕಾಪಾಡಿದವರು ಅರ್ಧ ಕೆಲಸ ಮಾಡಿದರು. ನಕಲು ಮಾಡಿದವರು ಉಳಿದರ್ಧ ಮಾಡಿದರು.

ಏಲಂ ಹಾಕಿದವರೆಲ್ಲ ಪಾಪಿಗಳೆಂದೂ ಹೇಳಲಾಗದು. ಅಮೆರಿಕದ ನೆಬ್ರಾಸ್ಕಾ ಸಂಸ್ಥಾನದ ಪಿಯರ್ಸ್ ಎಂಬ ಸಣ್ಣ ಊರಿನಲ್ಲಿ ಲ್ಯಾಂಬ್ರೆಕ್ಟ್ ದಂಪತಿಗಳು ಷೆವ್ರೊಲೆ ಗಾಡಿಗಳನ್ನು ಮಾರುವ ಅಂಗಡಿ ನಡೆಸುತ್ತಿದ್ದರು. ಅಂಗಡಿ ಮುಚ್ಚಿ ಬಹುಕಾಲದ ಮೇಲೆ, ೨೦೧೩ರ ಸೆಪ್ಟೆಂಬರಿನಲ್ಲಿ, ಅವರಲ್ಲಿ ಉಳಿದಿದ್ದ ಸುಮಾರು ಐನೂರು ಗಾಡಿಗಳನ್ನು ಸವಾಲಿಗೆ ಇಟ್ಟರು. ಅವುಗಳಲ್ಲಿ ಕೆಲವು ಅಂಗಡಿಯಲ್ಲಿ ಮಾರಾಟವೇ ಆಗದೆ ಉಳಿದಿದ್ದವು. ೧೯೫೮ರ ಒಂದು ಪಿಕಪ್ ಗಾಡಿ ಎರಡು ಮೈಲಿ ಕೂಡ ಓಡಿರಲಿಲ್ಲ, ಅದು ೧,೪೦,೦೦೦ ಡಾಲರಿಗೆ ಹೋಯಿತು. ಅರ್ಧ ಶತಮಾನ ಧೂಳು ಕುಡಿಯುತ್ತ ನಿಂತ ಗಾಡಿ ಹೊಸ ಕೈಗೆ ಬಿದ್ದು ಎಂಜಿನ್ನು ಗುಡುಗಿದರೆ, ಅದು ಚದರಿಹೋಯಿತೆಂದು ಅಳುವುದೋ, ಬಿಡುಗಡೆಯಾಯಿತೆಂದು ನಗುವುದೋ?

ಏಲಂ ಎಂಬುದರಲ್ಲಿಯೂ ಭೇದ ಉಂಟು. ನಮ್ಮ ಊರುಗಳ ಉತ್ಸವಗಳಲ್ಲಿ ಹರಕೆಯ ಬಾಳೆಗೊನೆಯನ್ನೋ ಹೂವನ್ನೋ ಸವಾಲಿಗೆ ಇಡುವುದನ್ನು ನೋಡಿದ್ದೇವೆ. ಪೇಟೆಯ ಬೆಲೆಯ ಹತ್ತರಷ್ಟು ಕೂಗಿ ಕೊಂಡವನು ಅದನ್ನು ಅಲ್ಲಿಯೇ ಹಂಚಿಬಿಡುತ್ತಾನೆ. ಅಲ್ಲಿ ಸವಾಲು ಕೂಗುವುದು ಕೊಳ್ಳುವುದಕ್ಕಲ್ಲ, ಕೊಡುವುದಕ್ಕೆ. ೨೦೨೨ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ೧೯೫೫ರ ಒಂದು ಮರ್ಸಿಡಿಸ್ ಬೆಂಜ್ ೩೦೦ ಎಸ್‌ಎಲ್‌ಆರ್ ಕಾರು ೧೩.೫ ಕೋಟಿ ಯೂರೋಗೆ ಹೋಯಿತು. ಕಾರುಗಳ ಏಲಮಿನಲ್ಲಿ ಅಷ್ಟು ಹಣ ಅದುವರೆಗೆ ಬಂದಿರಲಿಲ್ಲ. ಆ ಹಣದಿಂದ ಎಳೆಯರ ವಿದ್ಯಾರ್ಥಿವೇತನಕ್ಕೆ ನಿಧಿ ಕಟ್ಟುವುದೆಂದು ಕಂಪೆನಿ ಸಾರಿತು. ಅಂಥ ಜೋಡಿಯಲ್ಲಿ ಇನ್ನೊಂದು ಕಾರು ಅವರ ಸಂಗ್ರಹಾಲಯದಲ್ಲಿಯೇ ಉಳಿಯಿತು. ಇಲ್ಲಿಯೂ ಬಾಳೆಗೊನೆಯ ಧರ್ಮದ ಒಂದು ಎಳೆ ಉಂಟು.

ಇನ್ನೊಂದು ಕಡೆ ೨೦೦೯ರ ಮಾರ್ಚಿಯನ್ನು ನೆನೆಯಿರಿ. ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ ಬಟ್ಟಲು ಏಲಮಿಗೆ ಬಂದವು. ಇಟ್ಟವರೇ ಕೊನೆಯ ಗಳಿಗೆಯಲ್ಲಿ ಹಿಂದೆಗೆಯಲು ಯತ್ನಿಸಿದರೂ ಸವಾಲು ನಿಲ್ಲಲಿಲ್ಲ; ಬಂಟ್ವಾಳ ಮೂಲದ ಮನೆತನದ ಉದ್ಯಮಿ ವಿಜಯ ಮಲ್ಯರು ೧೮ ಲಕ್ಷ ಡಾಲರಿಗೆ ಕೊಂಡರು. ಅಪರಿಗ್ರಹವನ್ನು ವ್ರತವಾಗಿ ಹಿಡಿದವರ ಚಪ್ಪಲಿಯೇ ಕೋಟಿಯ ಪರಿಗ್ರಹವಾಯಿತು. ಹಣದ ಮೊತ್ತ ನೋಡಿ ನಾವು ಬೆರಗಾದೆವು. ಆ ಚಪ್ಪಲಿ ಮೆಟ್ಟಿ ನಡೆದ ದಾರಿ ಯಾವುದೆಂದು ಅಂದು ಕೇಳಿದವರು ಎಷ್ಟು ಮಂದಿ?

ಈಗ ಮಗನ ಮುಖ್ಯ ಸಂಕಟಕ್ಕೆ ಬರುತ್ತೇನೆ. ಸಾಯುವ ತಂದೆಗೆ ಕೊಟ್ಟ ಮಾತು. ಅದನ್ನು ಹಗುರ ಮಾಡುವವನು ನಾನಲ್ಲ. ಆದರೆ ಯಜಮಾನನೆಂಬ ಮಾತನ್ನು ಹಿಡಿದ ಮೇಲೆ ಅದರ ಎರಡು ತುದಿಗಳನ್ನೂ ಹಿಡಿಯಬೇಕಾಗುತ್ತದೆ. ಮಾಲಿಕನಲ್ಲದವನಿಗೆ ತನ್ನಿಷ್ಟದಂತೆ ಮಾರುವ ಹಕ್ಕಿಲ್ಲ. ಹಾಗೆಯೇ, ಮಾಲಿಕನಲ್ಲದವನಿಗೆ ತನ್ನ ಕಾಲ ಮುಗಿದ ಮೇಲೂ ಮುಂದಿನವರ ಕೈ ಕಟ್ಟಿಹಾಕುವ ಹಕ್ಕೂ ಇಲ್ಲ. ಹಿಂದಿನ ಯಜಮಾನ ತೀರಿಕೊಂಡರೆ ಮುಂದಿನವನು ಕುಟುಂಬದ ಕ್ಷೇಮ ನೋಡಿ ನಡೆಯಬೇಕಲ್ಲದೆ ಹಿಂದಿನವನ ನೆರಳು ನೋಡಿ ಅಲ್ಲ. ‘ಒಟ್ಟಿಗೇ ಇರಲಿ’ ಎಂದ ತಂದೆ ಬಯಸಿದ್ದು ಏನು? ಕಬ್ಬಿಣ ಕಬ್ಬಿಣದ ಪಕ್ಕದಲ್ಲಿ ತುಕ್ಕು ಹಿಡಿಯಲೆಂದೆ? ತಾನು ಕಂಡ ಸಾಲು ಕಡಿಯದಿರಲೆಂದು. ಆ ಸಾಲನ್ನು ಉಳಿಸಿದರೆ ಮಾತು ಉಳಿದಂತೆ.

ನಾನು ಅವರಿಗೆ ಹೇಳಿದ್ದು ಇಷ್ಟು. ಮೊದಲು ಬರೆಯಿರಿ. ಪ್ರತಿಯೊಂದು ವಸ್ತುವಿನ ಪಟ ತೆಗೆದು, ಅದು ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂಬುದನ್ನು ತಂದೆಯವರ ಹಳೆಯ ಸಂಗಾತಿಗಳು ಬದುಕಿರುವಾಗಲೇ ಕೇಳಿ ಬರೆದಿಡಿ. ಬಿಡಿಯಾದರೆ ಅರ್ಥ ಕಳೆದುಕೊಳ್ಳುವ ಟಿಕೇಟು, ವೇಳಾಪಟ್ಟಿ, ಹಲಗೆ, ಬಿಲ್ಲೆಗಳನ್ನು ಒಡೆಯಬೇಡಿ. ಅವನ್ನು ಒಂದೇ ಕಟ್ಟಾಗಿ, ಊರಿನವರು ಹೋಗಿ ಕೇಳಿದರೆ ನೋಡಸಿಗುವ ಕಡೆಗೆ ಕೊಡಿ. ಕಾರನ್ನು ಮಾರಿರಿ. ಅದು ಓಡಬಲ್ಲ ವಸ್ತು, ಓಡಿಸಬಲ್ಲವನು ಬೇಕು. ೨೦೨೧ರಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಗೆ ‘ವಿಎ’ ಎಂಬ ಅಕ್ಷರವಿರುವ ಬೇರೆ ನಂಬರು ಸಿಗುತ್ತದೆ. ೨೦,೦೦೦ ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ. ಅಂಥ ಗಾಡಿ ಪ್ರದರ್ಶನಕ್ಕೆ, ರ್‍ಯಾಲಿಗೆ ಹೋಗಬಹುದು. ದಿನನಿತ್ಯ ಪೇಟೆಗೆ ಹೋಗುವಂತಿಲ್ಲ. ಮೀನು ತರಲು ಹೋಗಬಾರದ ಕಾರನ್ನು ಸಾಕುವುದಕ್ಕೆ ಪ್ರೀತಿಯೂ ಬೇಕು, ಹಣವೂ ಬೇಕು. ಎರಡೂ ಇರುವವನಿಗೆ ಕೊಡುವಾಗ ತಂದೆಯ ಟಿಪ್ಪಣಿಯ ಪುಸ್ತಕದ ಒಂದು ಪ್ರತಿಯನ್ನೂ ಜೊತೆಗೆ ಕೊಡಿ. ಕಾರಿನ ಹಣದಿಂದ ಉಳಿದ ಕಟ್ಟಿಗೆ ಗೆದ್ದಲು ತಾಗದ ಒಂದು ಕಪಾಟು ಮಾಡಿಸಿ.

ಮಗ ಒಪ್ಪಿದರು, ಅರೆಮನಸ್ಸಿನಿಂದ ಎಂದೇ ಹೇಳಬೇಕು. ಕಾರು ಹೋದ ದಿನ ಕೊಟ್ಟಿಗೆಯ ನೆಲದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿಯಿತೆಂದು ಫೋನಿನಲ್ಲಿ ಹೇಳುವಾಗ ಅವರ ಗಂಟಲು ಕಟ್ಟಿತ್ತು. ಸರಿಯಾದ ಕೆಲಸ ಮಾಡಿದವನಿಗೆ ದುಃಖವಾಗಬಾರದೆಂದು ಯಾವ ನೀತಿಶಾಸ್ತ್ರವೂ ಹೇಳಿಲ್ಲ. ಇಷ್ಟಕ್ಕೂ ಆ ದುಃಖ ತಂದೆಯ ಪಾಲಿಗೆ ಸಲ್ಲಬೇಕಾದ ಒಂದು ತರ್ಪಣವೇ ಅಲ್ಲವೆ?

ಪೊಳಲಿಯವನಾದ ನನಗೆ ಕಾಪಾಡುವುದೆಂದರೆ ಏನೆಂಬುದಕ್ಕೆ ಒಂದು ದೃಷ್ಟಾಂತ ಕಣ್ಣೆದುರಿಗೇ ಉಂಟು. ಫಲ್ಗುಣಿಯ ದಂಡೆಯ ನಮ್ಮ ರಾಜರಾಜೇಶ್ವರಿಯ ಮೂರ್ತಿ ಕಲ್ಲಿನದಲ್ಲ, ಮಣ್ಣಿನದು. ಮಣ್ಣು ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಕಾಲಕಾಲಕ್ಕೆ ಲೇಪವಾಗಬೇಕು. ಲೇಪದ ಪಾಕ ಬಲ್ಲವರು ಮುಂದಿನವರಿಗೆ ಹೇಳಿಕೊಡಬೇಕು. ಜಾತ್ರೆಯ ಚೆಂಡಿಗೆ ಮೂಡುಬಿದಿರೆಯ ಕುಶಲಿಗಳ ಕೈಯಿಂದ ಚರ್ಮದ ಚೆಂಡು ಬರುತ್ತದೆ. ಹಿಂದಿನ ಚೆಂಡು ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ, ಆಟ ಮಾತ್ರ ನಡೆದೇ ನಡೆಯುತ್ತದೆ. ಬಲ್ಲವರು ಬಾಯಿಬಿಟ್ಟು ಹೇಳಿಕೊಟ್ಟದ್ದರಿಂದಲೇ ಎರಡೂ ಉಳಿದು ಬಂದಿವೆ.

ಆದುದರಿಂದ ಕೂಡಿಡುವ ಹವ್ಯಾಸವಿರುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನೀವು ಕೂಡಿಟ್ಟದ್ದು ನಿಮ್ಮ ಮಕ್ಕಳಿಗೆ ಭಾರವಾಗಬಹುದು. ಅದು ಅವರ ತಪ್ಪಲ್ಲ. ಒಟ್ಟಿಗೆ ಇಡಿ ಎಂದು ಆಣೆ ಹಾಕಿಸಿಕೊಳ್ಳುವ ಬದಲು, ಸಂಜೆ ಹೊತ್ತು ಅವರನ್ನು ಕೂಡಿಸಿಕೊಂಡು ಈ ಹಾರ್ನು ಯಾವ ಬಸ್ಸಿನದು, ಈ ಬಿಲ್ಲೆ ಯಾರದು ಎಂದು ಹೇಳಿ. ಅವರಿಗೆ ಪುರುಸೊತ್ತಿಲ್ಲದಿದ್ದರೆ ಒಂದು ನೋಟು ಪುಸ್ತಕದಲ್ಲಿ ಬರೆಯಿರಿ. ನಾಳೆ ಯಾವ ಊರಿನ ಯಾರ ಮನೆಗೆ ಹೋದರೂ ಆ ವಸ್ತು ತನ್ನ ಹೆಸರು ಹೇಳಿಕೊಂಡು ಹೋಗಲಿ.